ಒಂದು ಅಗುಳು ಮುಟ್ಟಿ ಇಡೀ ಊರನ್ನ ಅಳೆಯೋರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದ, ಮೇಲ್, ವಾಟ್ಸಾಪ್ ಮೆಸೇಜ್ ಎಲ್ಲ ಹರಡ್ಕೊಂಡು ಕೂತಾಗ ಆರು ಪ್ರಶ್ನೆಗಳು ಒಂದೇ ಕಡೆ ಬಂದು ನಿಂತ್ವು. ಬರೆದವರು ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಗೊತ್ತೂ ಇಲ್ಲ, ಆದ್ರೆ ಎಲ್ಲರದ್ದೂ ಒಂದೇ ಸಂಕಟ, ಯಾರೋ ಯಾರಿಗೋ ಒಂದು ಹೆಸರು ಅಂಟಿಸಿದಾರೆ, ಅದು ಕಿತ್ತು ಬರ್ತಿಲ್ಲ. ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಈ ಆರನ್ನೇ ತಗೊಂಡಿದೀನಿ.

ಪ್ರಶ್ನೆ: ಬೆಂಗಳೂರಲ್ಲಿ ನಂದು ಎರಡು ಬಾಡಿಗೆ ಮನೆ ಇವೆ. ಹೋದ ವರ್ಷ ಉತ್ತರ ಭಾರತದ ಮೂರು ಹುಡುಗ್ರು ಇದ್ರು, ಗೋಡೆ ತುಂಬ ಮೊಳೆ ಹೊಡೆದು, ಎರಡು ತಿಂಗಳ ಕರೆಂಟ್ ಬಿಲ್ ಕಟ್ಟದೆ ಹೋದ್ರು. ಇನ್ಮೇಲೆ ನಾರ್ತ್ ಇಂಡಿಯನ್ಸ್‌ಗೆ ಮನೆ ತೋರಿಸಬೇಡ ಅಂತ ಬ್ರೋಕರ್‌ಗೆ ಹೇಳ್ಬಿಟ್ಟಿದೀನಿ. ಮಗಳು ಇದು ತಪ್ಪು ಅಂತ ದಿನಾ ಜಗಳ ಆಡ್ತಾಳೆ. ನನ್ನ ದುಡ್ಡು ಹೋಗಿದ್ದು ಸುಳ್ಳಾ?

ಸುಳ್ಳಲ್ಲ, ನಿಮ್ಮ ದುಡ್ಡು ಹೋಗಿದೆ, ಸಿಟ್ಟು ಬರೋದೂ ಸಹಜ. ಆದ್ರೆ ನಿಮ್ಮ ದುಡ್ಡು ತಿಂದಿದ್ದು ಮೂರು ಹುಡುಗ್ರು, ಉತ್ತರ ಭಾರತ ಅಲ್ಲ. ಒಂದು ಮಾತು ಯೋಚನೆ ಮಾಡಿ, ಅದೇ ಮನೇಲಿ ತುಮಕೂರಿನ ಹುಡುಗ್ರು ಇದ್ದು ಇದೇ ಕೆಲಸ ಮಾಡಿ ಹೋಗಿದ್ರೆ ಬ್ರೋಕರ್‌ಗೆ ಏನು ಹೇಳ್ತಿದ್ರಿ? "ಆ ಹುಡುಗ್ರು ಸರಿ ಇರ್ಲಿಲ್ಲ ಕಣಪ್ಪ" ಅಂತಿದ್ರಿ, "ಇನ್ಮೇಲೆ ತುಮಕೂರಿನವರು ಬೇಡ" ಅಂತ ಖಂಡಿತ ಅಂತಿರ್ಲಿಲ್ಲ. ನಮ್ಮವರು ಅನ್ಕೊಂಡವರು ತಪ್ಪು ಮಾಡಿದ್ರೆ ಅದು ಆ ಮನುಷ್ಯನ ತಪ್ಪು, ಹೊರಗಿನವರು ಮಾಡಿದ್ರೆ ಅದು ಅವರ ಜನದ ಗುಣ. ಇನ್ನು ಹೊರಗಿನವರು ಒಳ್ಳೇದು ಮಾಡಿದ್ರೆ "ಇವನೊಬ್ಬ ಬೇರೆ ಥರ ಬಿಡಿ" ಅಂತೀವಿ. 1979ರಲ್ಲಿ ಥಾಮಸ್ ಪೆಟ್ಟಿಗ್ರೂ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನ ಒಂದು ಸಿದ್ಧಾಂತವಾಗಿ ಬರೆದಿಟ್ರು, ಆದ್ರೆ ಅದಕ್ಕೂ ಮುಂಚೆಯಿಂದ ನಮ್ಮ ಜಗಲಿ ಕಟ್ಟೆಗಳ ಮೇಲೆ ನಡೀತಾ ಬಂದಿರೋದೂ ಇದೇ.

ಮುಂಬೈನಲ್ಲಿ ನೆಂಟರಿದ್ದ ಹಿರಿಯರನ್ನ ಕೇಳಿ ನೋಡಿ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅಲ್ಲಿದ್ದ ದಕ್ಷಿಣದವರೆಲ್ಲರಿಗೂ ಇದ್ದಿದ್ದು ಒಂದೇ ಹೆಸರು, ಮದ್ರಾಸಿ. ಕನ್ನಡದವರು, ತುಳುವರು, ಮಲಯಾಳಿಗಳು, ತಮಿಳರು, ಯಾವ ವ್ಯತ್ಯಾಸನೂ ಇಲ್ಲ. "ಲುಂಗಿ ಹಠಾವೋ" ಅಂತ ಕೂಗಿದ್ರು, ಉಡುಪಿ ಹೋಟೆಲ್‌ಗಳ ಮೇಲೆ ಕಲ್ಲು ಬಿತ್ತು. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಲೋಟ ತೊಳೆಯೋಕೆ ಹೋದ ಹುಡುಗ ಮದ್ರಾಸು ಎಲ್ಲಿದೆ ಅಂತಾನೂ ನೋಡಿದವನಲ್ಲ, ಆದ್ರೂ ಅವನು ಮದ್ರಾಸಿ. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿಷಯಕ್ಕೆ ಅದೇ ಮುಂಬೈ ಹೊತ್ತಿ ಉರಿದಾಗ ಕನ್ನಡದವರ ಅಂಗಡಿ ಹೋಟೆಲ್‌ಗಳು ಮತ್ತೆ ಏಟು ತಿಂದ್ವು. ನೀವು ಈಗ "ನಾರ್ತ್ ಇಂಡಿಯನ್ಸ್" ಅಂತಿದೀರಲ್ಲ, ಅದರಲ್ಲಿ ಬಿಹಾರದ ಹುಡುಗ, ಭುವನೇಶ್ವರದ ನರ್ಸು, ಜೈಪುರದ ಸಂಸಾರಸ್ಥ ಎಲ್ಲರೂ ಸೇರ್ಕೊಂಡಿದಾರೆ. ಒಡಿಶಾ ಪೂರ್ವಕ್ಕಿದೆ ಅನ್ನೋದು ಆ ನರ್ಸಮ್ಮನಿಗೆ ಮಾತ್ರ ಗೊತ್ತು.

ಮನೆ ಕಾಪಾಡ್ಕೊಳ್ಳಿ, ಬೇಡ ಅಂತ ಯಾರೂ ಹೇಳಲ್ಲ. ಅಗ್ರಿಮೆಂಟಲ್ಲಿ ಪೇಂಟಿಂಗ್ ಖರ್ಚು, ಬಾಕಿ ಬಿಲ್ಲು ಅಡ್ವಾನ್ಸಿಂದ ಕಳೀತೀವಿ ಅಂತ ಬರೆಸಿ, ಹಿಂದಿನ ಮನೆ ಓನರ್‌ಗೆ ಒಂದು ಫೋನ್ ಮಾಡಿ ಕೇಳಿ, ಬಾಡಿಗೆಗೆ ಕೊಡೋ ದಿನ ಗೋಡೆಗಳ ಫೋಟೋ ತೆಗೆದಿಟ್ಕೊಳ್ಳಿ. ಇಷ್ಟನ್ನೂ ತುಮಕೂರಿನವರಿಗೂ ಮಾಡಿ. ಮಗಳ ಜೊತೆ ಜಗಳ ನಿಲ್ಲಿಸಿ, ಅವಳು ಹೇಳ್ತಿರೋದು ಸರಿ ಇದೆ.

ಪ್ರಶ್ನೆ: ನನ್ನ ಮಗ ಐದನೇ ಕ್ಲಾಸು. ಪೇರೆಂಟ್ಸ್ ಮೀಟಿಂಗಲ್ಲಿ ಟೀಚರ್ ಅವನ ಎದುರೇ "ಇವನು ಸ್ವಲ್ಪ ದಡ್ಡ, ಅಕ್ಕನ ಥರ ಅಲ್ಲ" ಅಂದ್ರು. ಆವತ್ತಿಂದ ಪುಸ್ತಕ ತೆಗೆದ್ರೆ "ನಾನು ದಡ್ಡ ಅಲ್ವಾ ಅಮ್ಮ" ಅಂತಾನೆ. ಏನು ಮಾಡ್ಲಿ? (ದಾವಣಗೆರೆಯಿಂದ ಒಬ್ಬ ತಾಯಿ)

ನಿಮ್ಮ ಕಾಗದ ಓದಿ ಹೊಟ್ಟೆ ಉರೀತು. ಹತ್ತು ವರ್ಷದ ಮಗುವಿನ ಎದುರು ಆಡೋ ಮಾತಾ ಅದು.

1960ರ ದಶಕದಲ್ಲಿ ರಾಬರ್ಟ್ ರೋಸೆಂಥಾಲ್, ಲೆನೋರ್ ಜೇಕಬ್ಸನ್ ಅನ್ನೋರು ಕ್ಯಾಲಿಫೋರ್ನಿಯಾದ ಒಂದು ಪ್ರೈಮರಿ ಶಾಲೆಯಲ್ಲಿ ಒಂದು ಪ್ರಯೋಗ ಮಾಡಿದ್ರು. ಮಕ್ಕಳಿಗೆಲ್ಲ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಟೀಚರ್‌ಗಳಿಗೆ ಕೆಲವು ಮಕ್ಕಳ ಪಟ್ಟಿ ಕೊಟ್ಟು, ಈ ವರ್ಷ ಇವರು ಚೆನ್ನಾಗಿ ಮುಂದೆ ಬರ್ತಾರೆ ನೋಡ್ತಿರಿ ಅಂದ್ರು. ನಿಜ ಏನಪ್ಪಾ ಅಂದ್ರೆ ಆ ಹೆಸರುಗಳನ್ನ ಚೀಟಿ ಎತ್ತಿದ ಹಾಗೆ ಎತ್ತಿದ್ರು, ಪರೀಕ್ಷೆಗೂ ಪಟ್ಟಿಗೂ ಸಂಬಂಧನೇ ಇರ್ಲಿಲ್ಲ. ವರ್ಷದ ಕೊನೆಗೆ ನೋಡಿದ್ರೆ ಪಟ್ಟೀಲಿದ್ದ ಮಕ್ಕಳು, ಅದರಲ್ಲೂ ಒಂದು ಎರಡನೇ ಕ್ಲಾಸಿನ ಚಿಕ್ಕವರು, ಉಳಿದವರಿಗಿಂತ ಮುಂದೆ ಹೋಗಿದ್ರು. ಎಷ್ಟು ಮುಂದೆ ಅನ್ನೋದರ ಬಗ್ಗೆ ಆಮೇಲೆ ಪಂಡಿತರ ಮಧ್ಯೆ ದೊಡ್ಡ ವಾದವೇ ನಡೀತು, ಅದು ಬೇರೆ ವಿಷಯ. ಟೀಚರ್ ಯಾರ ಮೇಲೆ ಭರವಸೆ ಇಡ್ತಾರೋ ಅವರಿಗೆ ಇನ್ನೊಂದು ನಿಮಿಷ ಜಾಸ್ತಿ ಕಾಯ್ತಾರೆ, ಉತ್ತರ ತಪ್ಪಾದ್ರೆ ಇನ್ನೊಂದ್ಸಲ ಕೇಳ್ತಾರೆ, ಅವರ ಕಡೆ ನೋಡಿ ನಗ್ತಾರೆ. "ದಡ್ಡ" ಅಂತ ಒಮ್ಮೆ ತೀರ್ಮಾನ ಆದ ಮಗುಗೆ ಆ ಒಂದು ನಿಮಿಷ ಸಿಗಲ್ಲ.

ನಮ್ಮ ದೇಶದ್ದೇ ಇನ್ನೊಂದು ಇದೆ, ಅದು ಇನ್ನೂ ಕಹಿ. ವಿಶ್ವಬ್ಯಾಂಕಿನ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನೋ ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ, ಆರು ಏಳನೇ ಕ್ಲಾಸಿನವರಿಗೆ, ದಾರಿ ಹುಡುಕೋ ಪಜಲ್ ಕೊಟ್ರು, ಬಿಡಿಸಿದಷ್ಟಕ್ಕೆ ದುಡ್ಡು. ಜಾತಿ ಮಾತೇ ಬರದೇ ಇದ್ದಾಗ ಮೇಲ್ಜಾತಿ ಅನ್ನಿಸ್ಕೊಂಡ ಹುಡುಗ್ರೂ ಕೆಳಜಾತಿ ಅನ್ನಿಸ್ಕೊಂಡ ಹುಡುಗ್ರೂ ಹೆಚ್ಚುಕಮ್ಮಿ ಒಂದೇ ಸಮ ಬಿಡಿಸಿದ್ರು. ಎಲ್ಲರ ಎದುರು ಹೆಸರು, ಊರು, ಜಾತಿ ಓದಿ ಹೇಳಿ ಕೂರಿಸಿದಾಗ ಕೆಳಜಾತಿ ಹುಡುಗ್ರು ಬಿಡಿಸೋ ಪಜಲ್‌ಗಳ ಸಂಖ್ಯೆ ಕುಸೀತು. ಕಾಗದ ಅದೇ, ಪೆನ್ಸಿಲ್ ಅದೇ, ಬುದ್ಧಿ ಅದೇ. ಕೂಗಿ ಹೇಳಿದ ಒಂದು ಪದ ಅಷ್ಟು ಮಾಡ್ತು.

ಈಗ ನಿಮ್ಮ ಮಗನ ವಿಷಯ. ಟೀಚರ್‌ನ ಒಬ್ಬರೇ ಇದ್ದಾಗ ಭೇಟಿ ಮಾಡಿ, ಜಗಳಕ್ಕೆ ಹೋಗ್ಬೇಡಿ, "ಅವನಿಗೆ ಎಲ್ಲಿ ಕಷ್ಟ ಆಗ್ತಿದೆ, ಯಾವ ಪಾಠ, ಯಾವ ಲೆಕ್ಕ" ಅಂತ ಕೇಳಿ. ಅವರು ಮತ್ತೆ "ಎಲ್ಲದರಲ್ಲೂ" ಅಂದ್ರೆ ಬಿಡಬೇಡಿ, ನೋಟ್‌ಬುಕ್ ತೆಗೆಸಿ ತೋರ್ಸಿ ಅನ್ನಿ. ಭಾಗಾಕಾರದಲ್ಲಿ ಶೇಷ ಬಿಟ್ಟುಬಿಡ್ತಾನೆ, ಒತ್ತಕ್ಷರ ಉಲ್ಟಾ ಬರೀತಾನೆ, ಬೋರ್ಡ್ ಸರಿಯಾಗಿ ಕಾಣಲ್ಲ, ಹೀಗೆ ಏನೋ ಒಂದು ಹೊರಗೆ ಬರುತ್ತೆ, ಅದಕ್ಕೆಲ್ಲ ದಾರಿ ಇದೆ. ಕಣ್ಣು ಒಮ್ಮೆ ಟೆಸ್ಟ್ ಮಾಡಿಸಿ. ಅಕ್ಷರ ಅದಲು ಬದಲಾಗೋದು ಜಾಸ್ತಿ ಇದ್ರೆ ಡಿಸ್ಲೆಕ್ಸಿಯಾ, ಅಂದ್ರೆ ಓದು ಬರಹ ಕಲಿಯೋದ್ರಲ್ಲಿ ಬರೋ ತೊಡಕು, ಇರ್ಬಹುದಾ ಅಂತ ತಿಳಿದವರ ಹತ್ರ ತೋರ್ಸಿ. ಮನೇಲಿ "ನೀನು ದಡ್ಡ ಅಲ್ಲ, ಜಾಣ" ಅಂತಲೂ ದಿನಾ ಹೇಳ್ಬೇಡಿ, ಯಾಕಂದ್ರೆ ನಾಳೆ ಒಂದು ಲೆಕ್ಕ ತಪ್ಪಾದ್ರೆ ಆ ಜಾಣತನನೂ ಹೋಯ್ತು ಅನ್ಕೊಳ್ತಾನೆ. ಅದರ ಬದ್ಲು "ನೆನ್ನೆ ಬರದೇ ಇದ್ದ ಲೆಕ್ಕ ಇವತ್ತು ಬಂತು ನೋಡು" ಅನ್ನಿ. ಮತ್ತೆ ಅಕ್ಕನ ಹೆಸರು ಆ ಮಾತಲ್ಲಿ ತರಲೇಬೇಡಿ.

ಪ್ರಶ್ನೆ: ನಮ್ಮ ಹುಡುಗಿದು ಮೂಲಾ ನಕ್ಷತ್ರ. ನಾಲ್ಕು ಸಂಬಂಧ ಜಾತಕ ನೋಡಿ ವಾಪಸ್ ಹೋಯ್ತು, ಮಾವನಿಗೆ ಆಗಿಬರಲ್ಲ ಅಂತ. ಬೇರೆ ನಕ್ಷತ್ರ ಬರೆಸಿ ಜಾತಕ ಮಾಡಿಸಿ ಅಂತ ಕೆಲವರು ಹೇಳ್ತಾರೆ.

ಮಾಡಿಸಬೇಡಿ, ಸುಳ್ಳಿನ ಮೇಲೆ ಕಟ್ಟಿದ ಸಂಬಂಧದಲ್ಲಿ ಹುಡುಗಿ ಜೀವನಪೂರ್ತಿ ಹೆದರ್ಕೊಂಡು ಇರ್ಬೇಕಾಗುತ್ತೆ. ನಕ್ಷತ್ರ ಇಪ್ಪತ್ತೇಳು, ಚಂದ್ರ ಪ್ರತಿ ತಿಂಗಳೂ ಎಲ್ಲದರ ಮೇಲೂ ಹಾದು ಹೋಗ್ತಾನೆ, ಅಂದ್ರೆ ಹೆಚ್ಚುಕಮ್ಮಿ ಇಪ್ಪತ್ತೇಳು ಹೆಣ್ಮಕ್ಕಳಲ್ಲಿ ಒಬ್ಬಳದ್ದು ಮೂಲಾ. ಒಂದು ತಾಲೂಕಲ್ಲೇ ಸಾವಿರಾರು ಸೊಸೆಯಂದಿರು ಮೂಲಾ ನಕ್ಷತ್ರದವರು, ಅವರ ಮಾವಂದಿರು ಜಗಲಿ ಮೇಲೆ ಕೂತು ಪೇಪರ್ ಓದ್ತಿದಾರೆ, ಅವರ ಲೆಕ್ಕ ಯಾರೂ ಇಡಲ್ಲ. ಎಲ್ಲೋ ಒಬ್ಬ ಮಾವ ತೀರ್ಕೊಂಡಿದ್ದು ಮಾತ್ರ ಎಲ್ಲರ ಬಾಯಲ್ಲಿ ಉಳೀತು. ವಾಪಸ್ ಹೋದ ಆ ನಾಲ್ಕು ಮನೆಯವರು ನಿಮ್ಮ ಹುಡುಗಿ ಜೊತೆ ಹತ್ತು ನಿಮಿಷ ಮಾತಾಡಿದ್ರಾ? ಮಾತಾಡದೇ ಹೋದ್ರೆ ಅವರು ಬೇಡ ಅಂದಿದ್ದು ಅವಳನ್ನಲ್ಲ. ಅವಳಿಗೆ ಇದನ್ನ ಸ್ಪಷ್ಟವಾಗಿ ಹೇಳಿ, ಪದೇ ಪದೇ ಹೇಳಿ.

ಪ್ರಶ್ನೆ: ನೀವು ಬರೆಯೋದು ಚೆನ್ನಾಗಿರುತ್ತೆ, ಆದ್ರೆ ಹಿರಿಯರು ಸುಮ್ನೆ ಹೇಳಿಲ್ಲ. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು. ನಾನು ಸರ್ಕಾರಿ ನೌಕರಿಯಲ್ಲಿ ರಾಜ್ಯ ಎಲ್ಲ ಸುತ್ತಿದೀನಿ, ಉತ್ತರ ಕರ್ನಾಟಕದವರು ಒರಟು, ಘಟ್ಟದ ಕೆಳಗಿನವರು ಲೆಕ್ಕಾಚಾರದವರು, ಮೈಸೂರಿನವರು ನಯ. ಅನುಭವದ ಮಾತು ಇದು. (ತರೀಕೆರೆಯ ನಿವೃತ್ತರು)

ಸರ್, ಅಗುಳಿನ ಮಾತು ಒಂದೇ ಪಾತ್ರೆಗೆ ಹೇಳಿದ್ದು. ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಅಷ್ಟಿದ್ರೂ ಮದುವೆ ಮನೆಯ ಅಡುಗೆ ಭಟ್ಟರನ್ನ ನೋಡಿ, ಕೊಪ್ಪರಿಗೆ ಅನ್ನಕ್ಕೆ ಮೇಲಿನ ಒಂದು ಅಗುಳು ನೋಡಿ ಬಿಡಲ್ಲ, ಸೌಟು ತಳಕ್ಕೆ ಇಳಿಸಿ ನಾಲ್ಕು ಕಡೆ ನೋಡ್ತಾರೆ, ಯಾಕಂದ್ರೆ ಮೇಲೆ ಗಟ್ಟಿ ಇದ್ದು ತಳ ಸೀದಿರುತ್ತೆ.

ನಿಮ್ಮ ಅನುಭವ ಸುಳ್ಳು ಅಂತ ನಾನು ಹೇಳಲ್ಲ, ಆದ್ರೆ ನೀವು ಕೇಳಿಸ್ಕೊಂಡಿದ್ದಕ್ಕೆ ಬೇರೆ ಕಾರಣ ಇತ್ತಾ ಅಂತ ಒಮ್ಮೆ ನೋಡಿ. ಧಾರವಾಡದ ಕಡೆ "ನೀ ಯಾವಾಗ ಬಂದಿ" ಅಂತ ಏಕವಚನದಲ್ಲಿ ಕೇಳೋದು ಹತ್ತಿರದವರು ಅನ್ನೋ ಸಲುಗೆಗೆ, ಬಹುವಚನ ಹಚ್ಚಿದ್ರೆ ದೂರ ಇಟ್ರಲ್ಲಾ ಅಂತ ಅವರಿಗೇ ಬೇಜಾರು. ಮೈಸೂರು ಸೀಮೆಯ ಕಿವಿಗೆ ಅದು ಒರಟು ಅನ್ಸುತ್ತೆ. ಕರಾವಳೀಲಿ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಅವರಿಗೆ ಶಾಲೆಯಲ್ಲಿ ಪುಸ್ತಕದಿಂದ ಬಂದಿದ್ದು, ಹಾಗಾಗಿ "ಹೋಗುತ್ತೇನೆ, ಬರುತ್ತೇನೆ" ಅಂತ ತಿದ್ದಿದ ಹಾಗೆ ಮಾತಾಡ್ತಾರೆ, ನಮಗೆ ಅದು ಅಳೆದು ತೂಗಿದ ಹಾಗೆ ಕೇಳ್ಸುತ್ತೆ. ಲೆಕ್ಕಾಚಾರದವರು ಅನ್ನೋ ಮಾತಿಗೆ ಇನ್ನೊಂದು ಕಾರಣನೂ ಇರ್ಬಹುದು, ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು ಎರಡೂ 1906ರಲ್ಲಿ ಅಲ್ಲೇ ಹುಟ್ಟಿದ್ವು, ಸಿಂಡಿಕೇಟು, ವಿಜಯ ಬ್ಯಾಂಕೂ ಆ ಕಡೆಯವೇ. ಆದ್ರೆ ಅದೇ ಊರಲ್ಲಿ ದಿನವಿಡೀ ಕೂತು ಸಾವಿರ ಬೀಡಿ ಸುತ್ತೋ ಹೆಣ್ಮಕ್ಕಳಿದಾರೆ, ಮಳೆಗಾಲದಲ್ಲಿ ದೋಣಿ ಇಳಿಸೋಕಾಗದೆ ಸಾಲ ಮಾಡಿ ಉಣ್ಣೋ ಮೀನುಗಾರರಿದಾರೆ. ಅವರು ಬ್ಯಾಂಕ್ ಕಟ್ಟಿದವರಲ್ಲ.

ಇದೆಲ್ಲ ಹರಟೆಯಲ್ಲಿ ಆಡೋ ಮಾತು, ಯಾರಿಗೇನು ನಷ್ಟ ಅಂತ ನಿಮಗೆ ಅನ್ನಿಸಬಹುದು. 2012ರ ಆಗಸ್ಟ್ ನೆನಪಿದ್ಯಾ? ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆ ಆಯ್ತು, ಇಲ್ಲಿ ಬೆಂಗಳೂರಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ ಹರಿದಾಡ್ತು. ಒಂದು ಗುಂಪಿನ ಎಲ್ಲರೂ ದಾಳಿ ಮಾಡೋರು, ಇನ್ನೊಂದು ಗುಂಪಿನ ಎಲ್ಲರೂ ಏಟು ತಿನ್ನೋರು, ಅಷ್ಟೇ ಆ ಮೆಸೇಜಿನ ಒಳಗೆ ಇದ್ದಿದ್ದು. ಸೆಕ್ಯೂರಿಟಿ ಗಾರ್ಡ್‌ಗಳು, ಪಾರ್ಲರ್ ಹುಡುಗೀರು, ಸ್ಟೂಡೆಂಟ್‌ಗಳು ಸಾವಿರಗಟ್ಲೆ ಜನ ರಾತ್ರೋರಾತ್ರಿ ರೈಲ್ವೆ ಸ್ಟೇಷನ್‌ಗೆ ಬಂದ್ರು, ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಡ್ಬೇಕಾಯ್ತು, ಕೇಂದ್ರ ಸರ್ಕಾರ ಬಲ್ಕ್ ಎಸ್ಸೆಮ್ಮೆಸ್‌ನೇ 15 ದಿನ ನಿಲ್ಲಿಸ್ತು. ಹರಟೆಯ ಮಾತು ಒಣಗಿದ ಹುಲ್ಲಿನ ಹಾಗೆ ಬಿದ್ದಿತ್ತು, ಕಡ್ಡಿ ಗೀರೋರು ಗೀರಿದ್ರು.

ಪ್ರಶ್ನೆ: ನಾ ಬೆಟಗೇರಿ ಸೆಟ್ಲಮೆಂಟ್‌ನವ. ಬೆಂಗಳೂರಾಗ ಎಂ.ಕಾಂ. ಓದಾಕತ್ತೀನಿ. ಹಾಸ್ಟೆಲ್‌ನ್ಯಾಗ ಒಬ್ಬನ ಫೋನ್ ಕಳೀತು, ಎಲ್ಲಾರಿಗಿಂತ ಮೊದ್ಲ ನನ್ನ ಬ್ಯಾಗ್ ಬಿಚ್ಚಿ ನೋಡಿದ್ರು. ಆಮ್ಯಾಲೆ ಫೋನ್ ಕ್ಯಾಂಟೀನ್‌ನ್ಯಾಗ ಸಿಕ್ತು, ನಕ್ಕ ಸುಮ್ನಾದ್ರು. ಈಗ ಯಾರರ ಊರ ಕೇಳಿದ್ರ ಬರೇ ಗದಗ ಅಂತೀನಿ. ಹಿಂಗ ಮುಚ್ಚಿಡೋದು ತಪ್ಪ ಏನ್ರಿ?

ತಪ್ಪಲ್ಲ ತಮ್ಮ. ಯಾರಿಗೆ ಎಷ್ಟು ಹೇಳ್ಬೇಕು ಅನ್ನೋದು ನಿಂದು. ಆದ್ರೆ ನಾಚಿಕೆಗೆ ಮುಚ್ಚಿಡ್ತಿದ್ರೆ ಅದು ಬೇಡ, ಯಾಕಂದ್ರೆ ಇಲ್ಲಿ ನಾಚಿಕೆ ಪಡಬೇಕಾದವರು ನೀನಲ್ಲ. ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ನಿನ್ನ ಬ್ಯಾಗ್ ಬಿಚ್ಚಿದ ಹುಡುಗರ ಮನೆಗೂ ಈ ಪತ್ರಿಕೆ ಹೋಗುತ್ತೆ.

ಸೆಟ್ಲಮೆಂಟ್ ಅನ್ನೋ ಹೆಸರು ಬೆಟಗೇರಿಗೂ ಹುಬ್ಬಳ್ಳಿಗೂ ಹೇಗೆ ಬಂತು? 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ಒಂದು ಕಾನೂನು ತಂದ್ರು, ಮೊದ್ಲು ಉತ್ತರದ ಪ್ರಾಂತ್ಯಗಳಿಗೆ, 1911ರಲ್ಲಿ ಅವರ ಆಳ್ವಿಕೆಯ ಉಳಿದ ಕಡೆಗೂ, 1924ರಲ್ಲಿ ಎಲ್ಲ ಸೇರಿಸಿ ಇನ್ನೊಂದು ಸಲ. ಬಡಗಿ ಮಗ ಬಡಗಿ ಆಗ್ತಾನೆ, ನೇಕಾರನ ಮಗ ನೇಕಾರ, ಹಾಗೇ ಕಳ್ಳತನನೂ ಕುಲಕಸುಬು ಅನ್ನೋದು ಆ ಅಧಿಕಾರಿಗಳ ತರ್ಕ. ನಮ್ಮ ಜಾತಿ ಪದ್ಧತಿಯನ್ನ ಅರ್ಧಂಬರ್ಧ ತಿಳ್ಕೊಂಡು ಅದರ ಮೇಲೆ ಕಾನೂನು ಕಟ್ಟಿದ್ರು. ಸರ್ಕಾರ ಒಂದು ನೋಟಿಫಿಕೇಷನ್ ಹೊರಡಿಸಿದ್ರೆ ಮುಗೀತು, ಆ ಸಮುದಾಯದಲ್ಲಿ ಹುಟ್ಟಿದ್ದೇ ಸಾಕು, ಕೋರ್ಟಲ್ಲಿ ಪ್ರಶ್ನೆ ಮಾಡೋ ಹಾಗೂ ಇರ್ಲಿಲ್ಲ. ಪೊಲೀಸ್ ರಿಜಿಸ್ಟರಲ್ಲಿ ಹೆಸರು, ಬೆರಳಚ್ಚು, ಹೊತ್ತಿಗೆ ಸರಿಯಾಗಿ ಹಾಜರಿ, ಪಕ್ಕದ ಊರಿಗೆ ಹೋಗೋಕೆ ಪಾಸು. ಕೆಲವರನ್ನ ಬೇಲಿ ಹಾಕಿದ ಜಾಗದಲ್ಲಿ ಕೂಡಿ ಹಾಕಿ ಕೆಲಸಕ್ಕೆ ಹಚ್ಚಿದ್ರು, ಆ ಜಾಗನೇ ಸೆಟ್ಲಮೆಂಟ್.

ಹಾಗೆ ಪಟ್ಟಿಗೆ ಸೇರಿದವರಲ್ಲಿ ಕೊರಚರು, ಕೊರಮರು, ಲಂಬಾಣಿಗಳು ಎಲ್ಲ ಇದ್ರು. ಇವರೆಲ್ಲ ಏನು ಮಾಡ್ತಿದ್ರು ಅಂತೀರಿ? ಎತ್ತು, ಕತ್ತೆಗಳ ಮೇಲೆ ಉಪ್ಪು, ದವಸ ಹೇರ್ಕೊಂಡು ಸಮುದ್ರದ ಕಡೆಯಿಂದ ಒಳನಾಡಿಗೆ ತರ್ತಿದ್ರು, ಬುಟ್ಟಿ ಹೆಣೀತಿದ್ರು, ಎಷ್ಟೋ ಹಳ್ಳಿಗಳಿಗೆ ಉಪ್ಪು ಬರ್ತಿದ್ದುದೇ ಇವರಿಂದ. ರೈಲು ಬಂತು, ಉಪ್ಪು ಸರ್ಕಾರದ ಹಿಡಿತಕ್ಕೆ ಹೋಯ್ತು, ಕಾಡಿಗೆ ಕಾಯ್ದೆ ಬಂತು, ಹೊಟ್ಟೆಪಾಡೇ ಹೋಯ್ತು. ಒಂದೇ ಊರಲ್ಲಿ ನಿಲ್ಲದೆ ತಿರುಗೋ ಜನ, ತೆರಿಗೆ ವಸೂಲಿಗೆ ಸಿಗಲ್ಲ, ಹಾಗಾಗಿ ಅನುಮಾನ. ಆಮೇಲೆ ಆ ಅನುಮಾನಕ್ಕೇ ಕಾನೂನಿನ ಮುದ್ರೆ. ಅವರಲ್ಲಿ ಯಾರೂ ಕಳ್ಳತನ ಮಾಡ್ಲಿಲ್ಲ ಅಂತ ನಾನು ಹೇಳಲ್ಲ, ಯಾವ ಜಾತೀಲಿ ಕಳ್ಳರಿಲ್ಲ ಹೇಳಿ. ಆದ್ರೆ ಬೇರೆ ಜಾತಿಯಲ್ಲಿ ಕದ್ದವನು ಮಾತ್ರ ಕಳ್ಳ ಆದ, ಇಲ್ಲಿ ತೊಟ್ಟಿಲ ಕೂಸೂ ಕಳ್ಳ ಆಯ್ತು.

ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ಕ್ಕೆ ಆ ಕಾನೂನು ರದ್ದಾಯ್ತು. ಅದಕ್ಕೇ ಆ ದಿನವನ್ನ ಈಗಲೂ ವಿಮುಕ್ತ ದಿನ ಅಂತ ಆಚರಿಸ್ತಾರೆ, ಆ ಪಟ್ಟಿಯಿಂದ ಬಿಡುಗಡೆ ಆದ ಸಮುದಾಯಗಳಿಗೆ ವಿಮುಕ್ತ ಅಂತಾನೇ ಹೆಸರು. ಕಾನೂನು ಹೋಯ್ತು, ಪದ ಹೋಗ್ಲಿಲ್ಲ. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿ ತೆಗೆದು ನೋಡಿದ್ರೆ ಅದರಲ್ಲಿ ಗಂಟಿಚೋರ್ ಅಂತ ಒಂದು ಸಮುದಾಯದ ಹೆಸರಿದೆ. ಗಂಟು ಕದಿಯೋನು ಅಂತ ಅರ್ಥ. ಆ ಮನೆಯ ಹುಡುಗಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋಕೆ ತಹಶೀಲ್ದಾರ್ ಆಫೀಸಲ್ಲಿ ಸಾಲಲ್ಲಿ ನಿಂತು ತನ್ನ ಜಾತಿ ಏನು ಅಂತ ಬಾಯಿಬಿಟ್ಟು ಹೇಳ್ಬೇಕು, ಅಷ್ಟು ಜನರ ಎದುರು. ಇದನ್ನ ಬರೆಯುವಾಗ ನನಗೆ ಕೈ ನಡುಗುತ್ತೆ.

ತೀರಾ ಹಳೇ ಕಥೆ ಅಂತ ಯಾರೂ ಅನ್ಕೋಬಾರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಡ್ತು, ಸುಕನ್ಯಾ ಶಾಂತಾ ಅನ್ನೋ ಪತ್ರಕರ್ತೆ ಹಾಕಿದ್ದ ಅರ್ಜಿ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚೋದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು, ರಿಜಿಸ್ಟರಿನ ಜಾತಿ ಕಾಲಮ್ ತೆಗೀರಿ ಅಂತು, ವಿಮುಕ್ತ ಬುಡಕಟ್ಟಿನವರನ್ನ ಹುಟ್ಟಿನಿಂದಲೇ ಅಪರಾಧ ಮಾಡೋರು ಅನ್ನೋ ಹಾಗೆ ನೋಡೋದು ನಿಲ್ಬೇಕು ಅಂತು. ರದ್ದಾಗಿ 72 ವರ್ಷ ಆದ್ಮೇಲೂ ಜೈಲಿನ ನಿಯಮ ಪುಸ್ತಕಗಳಲ್ಲಿ ಆ ಹಳೇ ಕಾನೂನಿನ ವಾಸನೆ ಉಳಿದಿತ್ತು ಅಂದ ಹಾಗಾಯ್ತಲ್ಲ. ಹಾಸ್ಟೆಲ್ ಹುಡುಗರ ತಲೇಲಿ ಉಳಿದಿರೋದು ಏನು ಆಶ್ಚರ್ಯ, ಅವರಿಗೆ ಯಾರೂ ಈ ಪಾಠ ಮಾಡಿಲ್ಲ.

ನೀನು ಮಾಡ್ಬಹುದಾದ್ದು ಇಷ್ಟು. ಏನಾಯ್ತು, ಯಾವ ತಾರೀಖು, ಯಾರ್ಯಾರಿದ್ರು ಅಂತ ಬರೆದು ವಾರ್ಡನ್‌ಗೆ ಕೊಡು, ಒಂದು ಪ್ರತಿ ನಿನ್ನ ಹತ್ರ ಇರ್ಲಿ. ಕಾಲೇಜಲ್ಲಿ ಸಮಾನ ಅವಕಾಶ ಕೋಶ ಅಂತ ಇರ್ಬೇಕು, ಅಲ್ಲೂ ಕೊಡು. ವಿಮುಕ್ತ ಸಮುದಾಯಗಳು ಬೇರೆ ಬೇರೆ ಪಟ್ಟಿಗಳಲ್ಲಿ ಹಂಚಿ ಹೋಗಿವೆ, ನಿಮ್ಮದು ಪರಿಶಿಷ್ಟ ಜಾತಿ ಇಲ್ಲಾ ಪಂಗಡದ ಪಟ್ಟೀಲಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಇಲ್ಲಿಗೆ ಅನ್ವಯ ಆಗುತ್ತಾ ಅಂತ ವಕೀಲರನ್ನ ಕೇಳ್ಬಹುದು. ಆ ಹುಡುಗರಲ್ಲಿ ಒಬ್ಬನಾದ್ರೂ ನಿನ್ನ ಜೊತೆ ಊಟಕ್ಕೆ ಕೂರೋನು ಇದ್ರೆ, ಅವನಿಗೆ ಈ ಉಪ್ಪಿನ ಕಥೆ ಹೇಳು. ಆಗದಿದ್ರೆ ಬಿಡು, ಎಲ್ಲರಿಗೂ ಪಾಠ ಮಾಡೋ ಜವಾಬ್ದಾರಿ ನಿಂದಲ್ಲ, ನಿನಗೆ ಎಂ.ಕಾಂ. ಮುಗಿಸೋದಿದೆ. ರಿಸಲ್ಟ್ ಬಂದ್ಮೇಲೆ ಮರೀದೆ ಬರಿ.

ಪ್ರಶ್ನೆ: ನನ್ನ ಓಲೆ ಕಾಣದೇ ಹೋಯ್ತು ಅಂತ ಆರು ವರ್ಷದಿಂದ ಮನೆ ಕೆಲಸಕ್ಕೆ ಬರ್ತಿದ್ದವಳನ್ನ ಬಿಡಿಸ್ಬಿಟ್ಟೆ. "ಈ ಜನಾನೇ ಇಷ್ಟು" ಅಂತ ಅಕ್ಕಪಕ್ಕದವರ ಎದುರೂ ಅಂದೆ. ಮೊನ್ನೆ ರೇಷ್ಮೆ ಸೀರೆ ಮಡಿಕೆಯಲ್ಲಿ ಓಲೆ ಸಿಕ್ತು. ರಾತ್ರಿ ನಿದ್ದೆ ಬರ್ತಿಲ್ಲ. ಫೋನ್ ಮಾಡಿ ಸಾರಿ ಕೇಳ್ಲಾ?

ಫೋನ್ ಸಾಲಲ್ಲ, ಹೋಗಿ. ನೀವು ಅಂದಿದ್ದು ನಾಲ್ಕು ಜನರ ಎದುರು, ಹಾಗಾಗಿ ಓಲೆ ಸಿಕ್ಕಿದ್ದು, ನಿಮ್ಮದೇ ತಪ್ಪಾಗಿದ್ದು, ಅದೇ ನಾಲ್ಕು ಜನಕ್ಕೆ ನಿಮ್ಮ ಬಾಯಿಂದಾನೇ ಗೊತ್ತಾಗ್ಬೇಕು, ಅದನ್ನ ಮೊದ್ಲು ಮಾಡಿ, ಆಮೇಲೆ ಅವಳ ಮನೆಗೆ ಹೋಗಿ. ನಿಮ್ಮ ಬೀದಿಯ ಮಾತು ಬೇರೆ ಮನೆಗಳಿಗೂ ಹೋಗಿರುತ್ತೆ, ಅವಳಿಗೆ ಆ ಮನೆಗಳಲ್ಲೂ ಕೆಲಸ ತಪ್ಪಿದ್ಯಾ ಅಂತ ವಿಚಾರಿಸಿ. ಕೆಲಸ ಇಲ್ಲದೆ ಕಳೆದ ತಿಂಗಳುಗಳ ಸಂಬಳ ಲೆಕ್ಕ ಹಾಕಿ ತಗೊಂಡು ಹೋಗಿ, ಅದು ದಾನ ಅಲ್ಲ, ಅವಳಿಗೆ ಬರ್ಬೇಕಾಗಿದ್ದ ದುಡ್ಡು ಅಂತ ಹೇಳಿ ಕೊಡಿ. ವಾಪಸ್ ಕೆಲಸಕ್ಕೆ ಬಾ ಅಂತ ಒಂದು ಸಲ ಕರೀರಿ, ಬರಲ್ಲ ಅಂದ್ರೆ ಬಲವಂತ ಮಾಡ್ಬೇಡಿ. ಅವಳು ಸಿಟ್ಟಿಂದ ಏನಾದ್ರೂ ಅಂದ್ರೆ, ಅನ್ನೋ ಹಕ್ಕು ಅವಳಿಗಿದೆ, ಪೂರ್ತಿ ಕೇಳಿಸ್ಕೊಳ್ಳಿ. ಭಾನುವಾರ ಬೆಳಿಗ್ಗೆ ಅವಳು ಮನೇಲಿರ್ತಾಳೆ, ಈ ಭಾನುವಾರವೇ ಹೋಗಿ ಬನ್ನಿ.